ಮದುವೆಯ ದೀಪ, ಸೇವಂತಿಗೆಯ ರಾತ್ರಿ: ಮಾವಳದ ಒಂದು ಪಾಲಿಹೌಸ್ ಪ್ರಕರಣ

ಕಾಕಾ ನನ್ನನ್ನು ಕರೆಸಿದ್ದು ಇನ್ನಷ್ಟು ಗೊಬ್ಬರ ಬರೆದುಕೊಡಲಿ ಎಂದು. 2023ರ ಮೇ ತಿಂಗಳ ಮೊದಲ ವಾರ. ಮೊದಲು ಅರಳಿದ ನಾಲ್ಕು ಕಟ್ಟು ಸೇವಂತಿಗೆಯನ್ನು ಪುಣೆಯ ಗುಲ್ಟೇಕಡಿ ಮಾರ್ಕೆಟ್ ಯಾರ್ಡಿಗೆ ಒಯ್ದಿದ್ದರಂತೆ. ಅಡತಿಯವನು ಹೂವನ್ನು ಎರಡು ಬೆರಳ ನಡುವೆ ಹಿಸುಕಿ ನೋಡಿ, ಏನೂ ಹೇಳದೆ ಪಕ್ಕಕ್ಕಿಟ್ಟನಂತೆ. "ಜೊಳ್ಳು ಬಂದಿದೆ ತಮ್ಮಾ, ಏನಾದರೂ ಜೋರಾದದ್ದು ಹೇಳು" ಎಂದರು. ಗೊಬ್ಬರ ಮಾರುವುದೇ ನನ್ನ ಹೊಟ್ಟೆಪಾಡು. ಬೇಡ ಎನ್ನುವ ಮಾತು ನನ್ನ ಬಾಯಿಂದ ಸುಲಭಕ್ಕೆ ಹೊರಡುವುದಿಲ್ಲ. ಆ ಸಲ ಹಾಗೆನ್ನಲು ಎರಡು ಭೇಟಿ ಮತ್ತು ಒಂದು ರಾತ್ರಿ ಬೇಕಾಯಿತು.

ಇಲ್ಲಿ ಕುಟುಂಬದ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಹೇಳುವುದಿಲ್ಲ. ಗುರುತು ಹತ್ತುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅಳತೆಗಳೆಲ್ಲ ಕಾಕಾನ ಸೊಸೆಯ ನೋಟ್‌ಬುಕ್ಕಿನಿಂದ ಬಂದವು. ನಾನು ಅವರನ್ನು ವೈನಿ ಎಂದು ಕರೆಯುವುದರಿಂದ ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಹಿನ್ನೆಲೆ

ವಿಜಯಪುರ ಜಿಲ್ಲೆಯಿಂದ ಗೌಂಡಿ ಕೆಲಸಕ್ಕೆಂದು ಪುಣೆಗೆ ಬಂದ ಮನೆತನ ಅದು. ಮೂವತ್ತು ವರ್ಷಗಳಲ್ಲಿ ಕಾಕಾ ಸಣ್ಣ ಗುತ್ತಿಗೆದಾರರಾದರು. ಮೊಣಕಾಲು ಸೋತ ಮೇಲೆ ಹಳೆಯ ಮುಂಬೈ-ಪುಣೆ ಹೆದ್ದಾರಿಯ ಬದಿ, ತಳೇಗಾವ್ ಆಚೆ, ಹತ್ತು ಗುಂಟೆಯ ಒಂದು ಹಳೆಯ ಪಾಲಿಹೌಸನ್ನು (ಪ್ಲಾಸ್ಟಿಕ್ ಹಾಳೆ ಹೊದಿಸಿದ ಬೆಳೆಮನೆ) ಲಾವಣಿಗೆ ಹಿಡಿದರು. ಮಾವಳ ತಾಲ್ಲೂಕಿನ ಆ ಸೀಮೆಯಲ್ಲಿ ಹೂವಿನ ಪಾಲಿಹೌಸ್ ಹೊಸದಲ್ಲ. ಮಹಾರಾಷ್ಟ್ರದ ಕೈಗಾರಿಕಾ ಅಭಿವೃದ್ಧಿ ನಿಗಮವಾದ ಎಂಐಡಿಸಿಯ ಹೂವಿನ ಪಾರ್ಕ್ ತಳೇಗಾವ್‌ನಲ್ಲೇ ಇದೆ, ಗುಲಾಬಿ ಅಲ್ಲಿಂದ ಹೊರದೇಶಕ್ಕೆ ಹೋಗುತ್ತದೆ. ಗುಲಾಬಿಗೆ ಬಂಡವಾಳ ಹೆಚ್ಚು. ಕಾಕಾ ಒಂದೇ ಕಡ್ಡಿಯಲ್ಲಿ ಹಲವು ಹೂ ಬಿಡುವ, ಎಸಳು ಒತ್ತಾಗಿರುವ ಬಿಳಿ ಮತ್ತು ಹಳದಿ ಸೇವಂತಿಗೆಯನ್ನು ಆರಿಸಿಕೊಂಡರು. ಮೇ ತಿಂಗಳ ಮದುವೆ ಮಂಟಪಗಳು ಅವರ ಗುರಿ.

ಪಾಲಿಹೌಸಿನ ಪೂರ್ವಕ್ಕೆ, ಮುಳ್ಳುತಂತಿಯ ಆಚೆ, ಒಂದು 'ಲಾನ್ಸ್' ಇದೆ. ಪುಣೆಯ ಕಡೆ ಬಯಲು ಮದುವೆ ಮಂಟಪಕ್ಕೆ ಹಾಗೆನ್ನುತ್ತಾರೆ. ಕಾಕಾ ಅದನ್ನು ಶುಭಲಕ್ಷಣವೆಂದು ಬಗೆದಿದ್ದರು. ಗಿರಾಕಿ ಬೇಲಿಯ ಆಚೆಗೇ ಇದ್ದಾನೆಂದು ಅವರ ಲೆಕ್ಕ.

ಸೇವಂತಿಗೆಯ ಸ್ವಭಾವವನ್ನು ಹೇಳದೆ ಮುಂದಿನದು ತಿಳಿಯುವುದಿಲ್ಲ. ಹಗಲು ಚಿಕ್ಕದಾದಾಗ ಹೂ ಬಿಡುವ ಗಿಡ ಅದು. ದಿನದ ಉದ್ದಕ್ಕೂ ಹೂ ಬಿಡುವುದಕ್ಕೂ ಇರುವ ಈ ನಂಟನ್ನು 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಹೊಗೆಸೊಪ್ಪು ಹಾಗೂ ಸೋಯಾ ಗಿಡಗಳಲ್ಲಿ ತೋರಿಸಿಕೊಟ್ಟರು. ಗಿಡ ಎಣಿಸುವುದು ಹಗಲನ್ನಲ್ಲ, ತುಂಡಾಗದ ಕತ್ತಲನ್ನು ಎಂಬುದನ್ನು ಆಮೇಲಿನವರು ಕಂಡುಕೊಂಡರು. ಆದ್ದರಿಂದ ಬೆಳೆಗಾರ ಎರಡು ಆಟ ಆಡಬೇಕು. ಸಸಿ ನೆಟ್ಟ ಮೊದಲ ನಾಲ್ಕು ವಾರ ನಡುರಾತ್ರಿ ದೀಪ ಹಚ್ಚಿ ಕತ್ತಲನ್ನು ಎರಡು ತುಂಡು ಮಾಡಬೇಕು. ಆಗ ಗಿಡ ಹೂವಿನ ಗೋಜಿಗೆ ಹೋಗದೆ ಎತ್ತರಕ್ಕೆ ಬೆಳೆಯುತ್ತದೆ. ಬಳಿಕ ದಿನವೂ ಸುಮಾರು 13 ಗಂಟೆ ಗಾಢ ಕತ್ತಲು ಸಿಗುವಂತೆ ಕಪ್ಪು ಪರದೆ ಎಳೆಯಬೇಕು. ಪುಣೆಯಲ್ಲಿ ಡಿಸೆಂಬರ್ ಹಗಲು 11 ಗಂಟೆ, ಜೂನ್ ಹಗಲು 13 ಗಂಟೆಗಿಂತ ತುಸು ಹೆಚ್ಚು. ಮುಂಜಾವು, ಮುಸ್ಸಂಜೆಯ ಮಂದ ಬೆಳಕನ್ನೂ ಗಿಡ ಹಗಲಿನ ಲೆಕ್ಕಕ್ಕೇ ಹಿಡಿಯುತ್ತದೆ. ಹಾಗಾಗಿ ಏಪ್ರಿಲ್-ಮೇ ತಿಂಗಳಲ್ಲಿ ಪರದೆಯಿಲ್ಲದೆ ಒಂದೇ ಸಮನೆ ಹೂ ತೆಗೆಯುವುದು ಕಷ್ಟ. ಪರದೆ ಎಳೆಯಲು ತೊಡಗಿದ ಎಂಟು-ಒಂಬತ್ತು ವಾರಕ್ಕೆ ಕೊಯ್ಲು.

ಕಾಕಾ ಮಾರ್ಚ್ 15ರಿಂದ ಪರದೆ ಎಳೆಸಿದ್ದರು. ಮೇ 10ರ ಹೊತ್ತಿಗೆ ಹೂ ಕೊಯ್ಲಿಗೆ ಬರಬೇಕಿತ್ತು.

ಕಂಡದ್ದು

ಬಂದದ್ದು ಅಲ್ಲೊಂದು ಇಲ್ಲೊಂದು. ಪಶ್ಚಿಮದ ಮಡಿಗಳಲ್ಲಿ ಮೊಗ್ಗು ಬಣ್ಣ ತೋರಿಸಿತ್ತು. ನಡುವಿನವು ಇನ್ನೂ ಹಸಿರು ಗುಂಡಿಯಂತಿದ್ದವು. ಪೂರ್ವದ ಎರಡು ಮಡಿಗಳಲ್ಲಿ ಗಿಡ ಎದೆಯೆತ್ತರ ಬೆಳೆದು ಎಲೆಯನ್ನೇ ಬಿಡುತ್ತಿತ್ತು. ಅಲ್ಲಲ್ಲಿ ಒಂದು ಮೊಗ್ಗು ಮೂಡಿ, ಅದರ ಕೆಳಗೇ ಮತ್ತೆ ಎಲೆಯ ಚಿಗುರು ಹೊರಟು, ಗಿಡಕ್ಕೇ ದಿಕ್ಕು ತೋಚದಂತಾಗಿತ್ತು.

ಅರಳಿದ ಒಂದು ಹೂವನ್ನು ಬ್ಲೇಡಿನಿಂದ ನೆತ್ತಿಯಿಂದ ತೊಟ್ಟಿನವರೆಗೆ ಸೀಳಿ ಅಂಗೈ ಮೇಲಿಟ್ಟೆ. ಚೆನ್ನಾದ ಹೂವಿನಲ್ಲಿ ಎಸಳುಗಳು ಎಲೆಕೋಸಿನಂತೆ ಒಂದರ ಮೇಲೊಂದು ಒತ್ತಿ ಕೂತಿರುತ್ತವೆ, ಸೀಳಿದರೂ ಬಿಚ್ಚಿಕೊಳ್ಳುವುದಿಲ್ಲ. ಇದರಲ್ಲಿ ಎಸಳಿನ ಸಾಲುಗಳ ನಡುವೆ ಬೆಳಕು ಹಾಯುತ್ತಿತ್ತು. ನಡುವೆ ಹಳದಿ ಕಣ್ಣು ತೆರೆದುಕೊಂಡಿತ್ತು. ಆ ತಳಿಯಲ್ಲಿ ಅದು ಕಾಣಬಾರದು. ಹತ್ತು ಹೂಗಳನ್ನು ಕಿತ್ತು ವೈನಿ ಅಡಿಗೆಮನೆಯ ತಕ್ಕಡಿಯಲ್ಲಿಟ್ಟರು: 24 ಗ್ರಾಂ.

"ನೋಡಲು ದೊಡ್ಡದೇ ಇದೆ" ಎಂದರು ಕಾಕಾ. ಹೌದು, ಅಗಲಕ್ಕೇನೂ ಕಡಿಮೆಯಿರಲಿಲ್ಲ, ತೂಕ ಇರಲಿಲ್ಲ.

ಮೊದಲು ಮಾಡಿದ್ದೆಲ್ಲ ಗೊಬ್ಬರ

ನಾನು ಹೋಗುವುದಕ್ಕೆ ಮುಂಚೆ ಅವರು ಮಾಡಿದ್ದನ್ನು ನೋಟ್‌ಬುಕ್ಕು ಚಾಚೂ ತಪ್ಪದೆ ಹೇಳುತ್ತಿತ್ತು. ನೆಟ್ಟ ದಿನದಿಂದ 19:19:19 (ಗೊಬ್ಬರದ ಈ ಅಂಕಿಗಳು ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷಿನ ಶೇಕಡಾ ಪಾಲು). ಮೊಗ್ಗು ಸಣ್ಣದೆನ್ನಿಸಿದಾಗ 0:52:34, ವಾರ ಬಿಟ್ಟು ಅದರ ಎರಡರಷ್ಟು. ನಡುವೆ ಅಂಗಡಿಯವನು ಕೊಟ್ಟ 'ಹೂವಿನ ಬೂಸ್ಟರ್' ಎಂಬ ಒಂದು ಬಾಟಲಿ. ಅದರ ಮೇಲೆ ಹೂವಿನ ಚಿತ್ರವಿತ್ತು, ಒಳಗೇನಿದೆ ಎಂಬುದು ಇರಲಿಲ್ಲ. ನಾನೂ ಹೋದವನೇ ಬೋರಾನ್ ಕೊರತೆಯಿರಬಹುದೆಂದು ಒಂದು ಸಿಂಪರಣೆ ಬರೆದುಕೊಟ್ಟು ಬಂದೆ. ಅದರಿಂದ ಏನೂ ಆಗಲಿಲ್ಲ. ಆ ಬಿಲ್ಲಿನ ಹಣವನ್ನು ಮರಳಿ ಕೊಡಲು ಹೋದಾಗ ಕಾಕಾ ತೆಗೆದುಕೊಳ್ಳಲಿಲ್ಲ. ಅದು ಈಗಲೂ ನನಗೆ ಚುಚ್ಚುತ್ತದೆ.

ಎರಡನೆಯ ಭೇಟಿಗೆ ಇ.ಸಿ. ಮೀಟರ್ ಒಯ್ದೆ. ನೀರಿನಲ್ಲಿ ಲವಣ ಎಷ್ಟು ಕರಗಿದೆ ಎಂದು ಹೇಳುವ, ಪೆನ್ನಿನಷ್ಟು ಗಾತ್ರದ ಯಂತ್ರ. ಬೋರ್‌ವೆಲ್ ನೀರೇ 0.9 ತೋರಿಸಿತು. ಡ್ರಿಪ್ಪಿನಿಂದ ಬೀಳುವ ಗೊಬ್ಬರದ ನೀರು 2.4. ಬೇರಿನ ಬುಡದ ಮಣ್ಣಿನಿಂದ ಹೀರಿ ತೆಗೆದ ನೀರು 4.1. ಡ್ರಿಪ್ಪಿನ ಸುತ್ತ ಮಣ್ಣಿನ ಮೇಲೆ ಬಿಳಿಯ ಹೊಪ್ಪಳಿಕೆ ಕಟ್ಟಿತ್ತು, ನಾಲಿಗೆಗೆ ಮುಟ್ಟಿಸಿದರೆ ಉಪ್ಪು. ಗಿಡದ ಹೊಟ್ಟೆ ಖಾಲಿಯಿರಲಿಲ್ಲ, ಬಾಯಾರಿತ್ತು. ಬೇರಿನ ಸುತ್ತ ಲವಣ ಹೆಚ್ಚಾದಷ್ಟೂ ಬೇರಿಗೆ ನೀರು ಎಳೆದುಕೊಳ್ಳುವುದು ಕಷ್ಟ. ನೀರಿಲ್ಲದೆ ಎಸಳು ತುಂಬುವುದಿಲ್ಲ. ರಂಜಕ ಮಿತಿಮೀರಿದ್ದರಿಂದ ಕಬ್ಬಿಣ ಮತ್ತು ಸತುವು ಗಿಡಕ್ಕೆ ದಕ್ಕದೆ ಹೊಸ ಎಲೆಗಳು ಬಿಳಿಚಿದ್ದವು. ಹಳೆಯ ಎಲೆಗಳ ಅಂಚು ಸುಟ್ಟಂತಿತ್ತು.

ನಾಲ್ಕು ದಿನ ಬರಿಯ ನೀರು ಬಿಡಿಸಿ ಉಪ್ಪನ್ನು ಕೆಳಗೆ ತೊಳೆದೆವು. ಎಲೆಗೆ ಜೀವ ಬಂತು. ಹೂ ಮಾತ್ರ ಜೊಳ್ಳಾಗಿಯೇ ಉಳಿಯಿತು, ಪೂರ್ವದ ಮಡಿಗಳು ಅಲುಗಾಡಲೇ ಇಲ್ಲ. ಉಪ್ಪು ಒಂದು ಕಾರಣ, ಆದರೆ ಅದೊಂದೇ ಆಗಿದ್ದರೆ ಎಲ್ಲ ಮಡಿಗಳೂ ಒಂದೇ ಥರ ಕೆಡಬೇಕಿತ್ತು. ಕೇಡಿಗೆ ದಿಕ್ಕು ಇತ್ತು. ಅದನ್ನು ಮೊದಲು ಗಮನಿಸಿ ಹೇಳಿದವರು ವೈನಿ, ನಾನಲ್ಲ.

ಪರದೆಯ ಒಳಗೆ ಒಂದು ರಾತ್ರಿ

ಕಪ್ಪು ಪರದೆ ಎಳೆದ ಮೇಲೆ ಒಳಗೆ ಯಾರೂ ಹೋಗುವುದಿಲ್ಲ. ಹೋಗಿ ಮಾಡುವುದಾದರೂ ಏನು? ಮೇ ತಿಂಗಳ ಒಂದು ಶನಿವಾರ ರಾತ್ರಿ ಎಂಟೂವರೆಗೆ ವೈನಿ ಮತ್ತು ನಾನು ಒಳಹೊಕ್ಕು, ಮೊಬೈಲ್ ಆರಿಸಿ, ಹತ್ತು ನಿಮಿಷ ಸುಮ್ಮನೆ ನಿಂತೆವು. ಕಣ್ಣು ಕತ್ತಲಿಗೆ ಹೊಂದಿಕೊಂಡಂತೆ ಪೂರ್ವದ ಗೋಡೆಯ ಉದ್ದಕ್ಕೂ ಚುಕ್ಕಿಗಳು ಮೂಡತೊಡಗಿದವು. ಹಳೆಯ ಪರದೆಯ ತೂತುಗಳು, ಹೊಲಿಗೆ ಬಿಟ್ಟ ಸಂದುಗಳು. ಆಚೆ ಮದುವೆ ನಡೆಯುತ್ತಿತ್ತು. ಲಾನ್ಸ್‌ನ ಫ್ಲಡ್‌ಲೈಟುಗಳು ಬೇಲಿಯಿಂದ ಮೂವತ್ತು ಹೆಜ್ಜೆಯ ಮೇಲಿದ್ದವು. ಒಂದು ಸಂದಿನಿಂದ ತೂರಿ ಬಂದ ಬೆಳಕಿನ ಪಟ್ಟಿ ಎಲೆಯ ಮೇಲೆ ಎಷ್ಟು ನಿಚ್ಚಳವಾಗಿತ್ತೆಂದರೆ ಎಲೆಯ ನರಗಳನ್ನು ಎಣಿಸಬಹುದಿತ್ತು. ಮದುವೆಗೆಂದು ಬೆಳೆದ ಹೂವನ್ನು ಮದುವೆಯ ದೀಪವೇ ಅರಳಗೊಡುತ್ತಿರಲಿಲ್ಲ. ಕಾಕಾಗೆ ಹೇಳಿದಾಗ ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ಒಂದು ಎಲೆಯಡಿಕೆ ಹಾಕಿಕೊಂಡರು.

ಆದರೆ ಆ ರಾತ್ರಿ ನನಗೆ ಹೆಚ್ಚು ತಟ್ಟಿದ್ದು ಬೆಳಕಲ್ಲ, ಸೆಕೆ. ಹೊರಗೆ ತಂಗಾಳಿ ಬೀಸುತ್ತಿದ್ದರೆ ಒಳಗೆ ಬೆವರು ಇಳಿಯುತ್ತಿತ್ತು. ಉಷ್ಣಮಾಪಕ 31 ಡಿಗ್ರಿ ತೋರಿಸಿತು. ಮರುದಿನ ಸಂಜೆ ಪರದೆ ಎಳೆದ ಮುಕ್ಕಾಲು ಗಂಟೆಗೆ ನೋಡಿದರೆ 41. ಸೂರ್ಯ ಏಳರ ಹತ್ತಿರ ಮುಳುಗುವ ಕಾಲದಲ್ಲಿ ಪರದೆಯನ್ನು ಐದಕ್ಕೇ ಎಳೆಯುತ್ತಿದ್ದರು. ಕಪ್ಪು ಬಟ್ಟೆ ಎರಡು ಗಂಟೆ ಬಿಸಿಲು ಕುಡಿದು ಒಳಗನ್ನು ಒಲೆ ಮಾಡುತ್ತಿತ್ತು, ಆ ಕಾವು ನಡುರಾತ್ರಿಯವರೆಗೆ ಇಳಿಯುತ್ತಿರಲಿಲ್ಲ. ಸೇವಂತಿಗೆಗೆ ಹಿತವಾದ ರಾತ್ರಿ 16ರಿಂದ 18 ಡಿಗ್ರಿಯದು. 25 ದಾಟಿದಂತೆ ಮೊಗ್ಗಿನ ಬೆಳವಣಿಗೆ ತಡವಾಗುತ್ತದೆ, ಹೂ ಸಡಿಲವಾಗುತ್ತದೆ. ಗಿಡ ರಾತ್ರಿಯೂ ಉಸಿರಾಡುತ್ತದೆ. ಸೆಕೆ ಹೆಚ್ಚಾದಷ್ಟೂ ಅದು ಹಗಲಿನಲ್ಲಿ ಗಳಿಸಿದ ಸಕ್ಕರೆಯನ್ನು ರಾತ್ರಿ ಹೆಚ್ಚು ಸುಡುತ್ತದೆ, ಎಸಳಿಗೆ ಉಳಿಯುವುದು ಕಡಿಮೆ.

ಐದು ಗಂಟೆಗೇ ಏಕೆ? ಎಂದು ಕೇಳಿದೆ. ಪುಸ್ತಕದಲ್ಲಿ ಸಂಜೆ ಐದರಿಂದ ಬೆಳಿಗ್ಗೆ ಆರು ಎಂದಿರಬಹುದು ಎಂದುಕೊಂಡಿದ್ದೆ. ಉತ್ತರ ಅದಲ್ಲ: ಆಳುಗಳು ಐದೂವರೆಯ ಬಸ್ ಹಿಡಿಯಬೇಕು.

ಬೆಳೆಯ ಬಗ್ಗೆ ನಾನು ಓದಿದ್ದರಲ್ಲಿ ಎಲ್ಲಿಯೂ ಆ ಬಸ್ಸಿನ ವೇಳೆ ಇರಲಿಲ್ಲ.

ಆ ವರ್ಷದ ಹೂ ಮೇ ಕೊನೆಯಿಂದ ಜೂನ್ ಎರಡನೆಯ ವಾರದವರೆಗೆ ಕಂತಿನಲ್ಲಿ ಬಂತು. ಬಹುಪಾಲು ಬಿಡಿಹೂವಾಗಿ, ಹಾರಕ್ಕೆ, ಕಿಲೋ ಲೆಕ್ಕದಲ್ಲಿ ಹೋಯಿತು. ಪೂರ್ವದ ಎರಡು ಮಡಿಗಳನ್ನು ಕಿತ್ತು ಹಾಕಿದರು.

ಮರುವರ್ಷದ ತೀರ್ಮಾನಗಳು

2024ರ ಫೆಬ್ರುವರಿಯಲ್ಲಿ ಮತ್ತೆ ನೆಡುವ ಮುಂಚೆ ಒಂದು ಭಾನುವಾರ ಪಡಸಾಲೆಯಲ್ಲಿ ಕೂತೆವು. ಕಾಕಾನ ತಾಯಿ, ಎಲ್ಲರೂ ಆಯಿ ಎನ್ನುವವರು, ಆ ಚಳಿಗಾಲದಲ್ಲಿ ಊರಿನಿಂದ ಬಂದಿದ್ದರು.

ಪರದೆಯ ವೇಳೆಯನ್ನು ಸಂಜೆ ಏಳರಿಂದ ಬೆಳಿಗ್ಗೆ ಎಂಟಕ್ಕೆ ಸರಿಸುವುದೆಂದಾಯಿತು. ಕತ್ತಲು ಅಷ್ಟೇ, ಹದಿಮೂರು ಗಂಟೆ. ಬೆಳಿಗ್ಗೆ ಎಂಟಕ್ಕೆ ಆಳುಗಳು ಹೇಗೂ ಬರುತ್ತಾರೆ, ತೆಗೆಯುವುದು ಅವರ ಪಾಲು. ಸಂಜೆ ಎಳೆಯುವುದು ವೈನಿ ಮತ್ತು ಅವರ ಮಗನ ಪಾಲು. ಇಷ್ಟಕ್ಕೇ ಮುಗಿಯುವುದಿಲ್ಲ: ಹೊರಗೆ ಪೂರ್ತಿ ಕತ್ತಲಾದ ಮೇಲೆ, ಎಂಟೂವರೆಗೆ, ಪಶ್ಚಿಮದ ಪರದೆಯನ್ನು ಮೇಲೆತ್ತಿ ಗಾಳಿ ಬಿಡಬೇಕು. ಬೆಳಕು ಹರಿಯುವ ಮುಂಚೆ, ಐದು ಗಂಟೆಗೆ, ಮತ್ತೆ ಇಳಿಸಬೇಕು. ಐದಕ್ಕೆ ಏಳುವವರು ಯಾರು ಎಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. "ನಾನು ನಾಲ್ಕಕ್ಕೇ ಎದ್ದು ಕೂತಿರುತ್ತೇನೆ, ಹಗ್ಗ ಎಲ್ಲಿದೆ ತೋರಿಸಿ" ಎಂದರು ಆಯಿ. ಎರಡು ತಿಂಗಳು ಅವರು ಒಂದು ದಿನವೂ ತಪ್ಪಿಸಲಿಲ್ಲ.

ಪೂರ್ವದ ಪರದೆಯನ್ನು ಹಗಲಿನಲ್ಲಿ ಎಳೆದು, ಒಳಗೆ ನಿಂತು, ಬೆಳಕು ಕಂಡಲ್ಲೆಲ್ಲ ವೈನಿ ಸೀಮೆಸುಣ್ಣದಿಂದ ಸುತ್ತು ಹಾಕಿದರು. 41 ತೂತು. ಹೊಸ ಪರದೆಗೆ ಹಣವಿರಲಿಲ್ಲ. ದಬ್ಬಣ ಮತ್ತು ನೈಲಾನ್ ದಾರದಿಂದ ಎರಡು ಪದರ ತೇಪೆ ಹಾಕಿದರು.

ಹಗಲಿನ ಬೆಳಕಿನದು ಬೇರೆ ಕಥೆ. ಛಾವಣಿಯ ಹಾಳೆ ಮೂರು ವರ್ಷ ಹಳೆಯದು, ಹೆದ್ದಾರಿಯ ಧೂಳು ಕೂತು ಬೂದಿಬಣ್ಣಕ್ಕೆ ತಿರುಗಿತ್ತು. ಅದರ ಕೆಳಗೆ ಹಸಿರು ನೆರಳುಬಲೆ ಬೇರೆ. ಹೊರಗೆ 90 ಸಾವಿರ ಲಕ್ಸ್ ಇದ್ದಾಗ ಗಿಡದ ನೆತ್ತಿಗೆ ಸಿಗುತ್ತಿದ್ದದ್ದು 20 ಸಾವಿರ. ಎಸಳು ಕಟ್ಟುವ ಸಕ್ಕರೆ ಬೆಳಕಿನಿಂದ ಬರಬೇಕು, ಗೊಬ್ಬರದ ಚೀಲದಿಂದ ಅಲ್ಲ. ಛಾವಣಿಯನ್ನು ತೊಳೆಸಿದೆವು. ಬಲೆಯನ್ನು ನಾನು ಹುರುಪಿನಲ್ಲಿ ಮಾರ್ಚ್ ಕೊನೆಗೆ ಒಮ್ಮೆಲೇ ತೆಗೆಸಿಬಿಟ್ಟೆ. ಮೂರನೆಯ ದಿನಕ್ಕೆ ಎಳೆಯ ಎಲೆಗಳು ಕಾಗದದಂತೆ ಒಣಗಿದವು. ನೆರಳಿಗೆ ಒಗ್ಗಿದ ಎಲೆಯನ್ನು ಹಾಗೆ ಬಿಸಿಲಿಗೆ ದೂಡಬಾರದೆಂದು ನನಗೆ ಗೊತ್ತಿಲ್ಲದೆ ಏನಿಲ್ಲ. ಮತ್ತೆ ಬಲೆ ಕಟ್ಟಿ, ಹನ್ನೊಂದರಿಂದ ಮೂರೂವರೆವರೆಗೆ ಮಾತ್ರ ಎಳೆಯುವ ಹಾಗೆ ತಂತಿಯ ಮೇಲೆ ಓಡಾಡುವಂತೆ ಮಾಡಿಸಿದೆವು. ಆ ಒಂದು ತಪ್ಪಿಗೆ ಕೊಯ್ಲು ಎರಡು-ಮೂರು ದಿನ ಹಿಂದೆ ಬಿತ್ತೆಂದು ನನ್ನ ಅಂದಾಜು.

ಕಾಕಾ ಹಠ ಹಿಡಿದದ್ದು ಒಂದೇ ವಿಷಯಕ್ಕೆ: ಗಿಡದ ಸಂಖ್ಯೆ. ಒಂದು ಮೀಟರ್ ಅಗಲದ ಮಡಿಯ ಮೇಲೆ ಗಿಡದ ಆಸರೆಗೆ ಹಾಸುವ ಬಲೆಯ ಕಣ್ಣುಗಳಲ್ಲೆಲ್ಲ ನೆಟ್ಟರೆ ಚದರ ಮೀಟರಿಗೆ 64 ಗಿಡ. ನಡುವಿನ ಎರಡು ಸಾಲು ಖಾಲಿ ಬಿಟ್ಟರೆ 48. "ಕಾಲುಭಾಗ ಹೊಲ ಬೀಳು ಬಿಡು ಎನ್ನುತ್ತೀಯಲ್ಲ" ಎಂದು ಸಿಡುಕಿದರು. ಕೊನೆಗೆ ಅರ್ಧ ಮಡಿಗಳಿಗೆ ಒಪ್ಪಿದರು. ಹೋಲಿಸಿ ನೋಡಲು ಅದೇ ಅನುಕೂಲವಾಯಿತು.

ಗೊಬ್ಬರವನ್ನು ಕೊನೆಗೆ ಹೇಳುತ್ತಿದ್ದೇನೆ, ನಾವು ಮಾತಾಡಿದ್ದೂ ಕೊನೆಗೇ. ಮೊದಲ ಐದು ವಾರ ಕ್ಯಾಲ್ಸಿಯಂ ನೈಟ್ರೇಟ್ ಮತ್ತು ಪೊಟ್ಯಾಸಿಯಂ ನೈಟ್ರೇಟ್ ಅನ್ನು ಬೇರೆ ಬೇರೆ ದಿನ. ಸೇವಂತಿಗೆಗೆ ಸಾರಜನಕ ಬೇಕಾಗುವುದು ಆಗಲೇ, ಎಳವೆಯಲ್ಲಿ ಬಿದ್ದ ಕೊರತೆಯನ್ನು ಆಮೇಲೆ ತುಂಬಿಸಲಾಗುವುದಿಲ್ಲ. ಮೊಗ್ಗು ಬಟಾಣಿಯಷ್ಟಾದ ಮೇಲೆ ಸಾರಜನಕ ತಗ್ಗಿಸಿ 0:0:50. ಬಣ್ಣ ಕಂಡ ದಿನ ಗೊಬ್ಬರ ಪೂರ್ತಿ ಬಂದ್, ಬರಿಯ ನೀರು. ಆ ಹೊತ್ತಿಗೂ ಸಾರಜನಕ ಕೊಡುತ್ತಾ ಹೋದರೆ ಎಲೆ ಕಡುಹಸಿರಾಗುತ್ತದೆ, ಹೂದಾನಿಯಲ್ಲಿ ಹೂ ಬೇಗ ಬಾಡುತ್ತದೆ. ಡ್ರಿಪ್ಪಿನ ಇ.ಸಿ. 1.8 ಮೀರದಂತೆ, ವಾರಕ್ಕೊಂದು ದಿನ ಬರಿಯ ನೀರು. ಗೊಬ್ಬರದ ಖರ್ಚು ಹಿಂದಿನ ವರ್ಷದ ಅರ್ಧಕ್ಕೆ ಇಳಿಯಿತು. ನನ್ನ ಕಮಿಷನ್ ಕೂಡ.

ಒಂದು ಉಪಕಥೆ. ಮೊದಲ ನಾಲ್ಕು ವಾರ ನಡುರಾತ್ರಿಯ ದೀಪಕ್ಕೆ ಕೆಂಪು ಎಲ್‌ಇಡಿ ಹಾಕಿದ್ದೆವು, ಕತ್ತಲನ್ನು ಮುರಿಯಲು ಆ ಬಣ್ಣ ಸಾಕು. ಫೆಬ್ರುವರಿಯ ಒಂದು ರಾತ್ರಿ ಗಸ್ತಿನ ಪೊಲೀಸ್ ಜೀಪು ಗೇಟಿನ ಮುಂದೆ ನಿಂತಿತು. ಗಾಂಜಾ ಬೆಳೆಯುತ್ತಿದ್ದಾರೆಂದು ಯಾರೋ ಹೇಳಿದ್ದರಂತೆ. ಅನುಮಾನ ತೀರ ಅಡ್ಡಾದಿಡ್ಡಿಯೇನಲ್ಲ. ಅದೂ ಕತ್ತಲನ್ನು ಎಣಿಸುವ ಗಿಡವೇ, ಬಚ್ಚಿಟ್ಟು ಬೆಳೆಯುವವರು ಇಂಥದೇ ದೀಪ ಹಾಕುತ್ತಾರೆ, 1985ರ ಮಾದಕವಸ್ತು ಕಾಯ್ದೆಯಲ್ಲಿ ಅದಕ್ಕೆ ಹತ್ತು ವರ್ಷದವರೆಗೆ ಕಠಿಣ ಶಿಕ್ಷೆಯಿದೆ. ವೈನಿ ಒಂದು ಎಲೆ ಕಿತ್ತು ಹವಾಲ್ದಾರರ ಕೈಯಲ್ಲಿ ಉಜ್ಜಿ ಮೂಸಿ ನೋಡಿ ಎಂದರು. ಸೇವಂತಿಗೆ ಎಲೆಯ ಘಾಟು ಗೊತ್ತಿಲ್ಲದ ಮರಾಠಿ ಮನುಷ್ಯನಿಲ್ಲ. ಚಹಾ ಕುಡಿದು ಹೋದರು.

ಆದದ್ದು

ಮಾರ್ಚ್ 14ಕ್ಕೆ ಪರದೆ ಆರಂಭ. ಏಪ್ರಿಲ್ 9ರ ಯುಗಾದಿಯ ದಿನ ಪಂಚಾಂಗ ಕೇಳಿ ಬಂದ ಆಯಿ ಬಾಗಿಲಲ್ಲೇ ಹೇಳಿದರು: ಏಪ್ರಿಲ್ ಕೊನೆಯಿಂದ ಶುಕ್ರಾಸ್ತ, ಮೇ ತಿಂಗಳಲ್ಲಿ ಗುರುವೂ ಅಸ್ತ, ಮದುವೆಗೆ ಮುಹೂರ್ತವೇ ಇಲ್ಲ. ಮಣ್ಣು, ನೀರು, ಬೆಳಕು ಎಲ್ಲವನ್ನೂ ಅಳೆದ ನಾವ್ಯಾರೂ ಫೆಬ್ರುವರಿಯಲ್ಲಿ ಪಂಚಾಂಗ ತೆರೆದು ನೋಡಿರಲಿಲ್ಲ.

ದೀಪ ಹಚ್ಚಿ ಹೂವನ್ನು ಮುಂದೂಡಬಹುದೇ ಎಂದು ಕಾಕಾ ಕೇಳಿದರು. ಮೊಗ್ಗಿನ ಮೊಳಕೆ ಆಗಲೇ ಮೂಡಿಯಾಗಿತ್ತು. ಈಗ ಕತ್ತಲು ಕೆಡಿಸಿದರೆ ಹಿಂದಿನ ವರ್ಷ ಪೂರ್ವದ ಮಡಿಗಳಲ್ಲಿ ಕಂಡದ್ದನ್ನೇ ಹತ್ತು ಗುಂಟೆಯಲ್ಲೂ ಕಾಣಬೇಕಾಗುತ್ತದೆ ಎಂದೆ. ಮುಂದೂಡಲಿಲ್ಲ.

ಹೂ ಮೇ 8ಕ್ಕೆ ತೊಡಗಿ ಹತ್ತು ದಿನದೊಳಗೆ ಮುಗಿಯಿತು, ಪೂರ್ವದ ಮಡಿಗಳನ್ನೂ ಸೇರಿಸಿ. ರಾತ್ರಿ ಒಂಬತ್ತರ ಉಷ್ಣತೆ ಹಿಂದಿನ ವರ್ಷಕ್ಕಿಂತ ಐದು ಡಿಗ್ರಿ ಕಡಿಮೆಯಿತ್ತು. ಸಾಲು ಬಿಟ್ಟ ಮಡಿಗಳ ಹತ್ತು ಹೂ 34 ಗ್ರಾಂ ತೂಗಿದವು, ಒತ್ತಾಗಿ ನೆಟ್ಟವು 29. ಸೀಳಿ ನೋಡಿದರೆ ನಡುವಿನ ಕಣ್ಣು ಮುಚ್ಚಿತ್ತು. ಅಡತಿಯವನು ಹಿಸುಕಿ ನೋಡಿ, ಎರಡನೆಯ ಹೂವನ್ನೂ ಹಿಸುಕಿ ನೋಡಿ, "ಮಾಲು ಚೆನ್ನಾಗಿದೆ, ಗಿರಾಕಿ ಎಲ್ಲಿ?" ಎಂದನಂತೆ. ಮೇ 10ರಂದು ಅಕ್ಷಯ ತೃತೀಯಾ ಮತ್ತು ಬಸವ ಜಯಂತಿ ಒಟ್ಟಿಗೆ ಬಂದಿದ್ದರಿಂದ ಮೊದಲ ಕೊಯ್ಲು ಪಿಂಪ್ರಿ-ಚಿಂಚವಡದ ನಮ್ಮವರ ಮೆರವಣಿಗೆಗಳಿಗೆ ಒಳ್ಳೆಯ ದರಕ್ಕೆ ಹೋಯಿತು. ಉಳಿದದ್ದು ಅಗ್ಗಕ್ಕೆ. ಕೂಡಿ ಕಳೆದು ಸಾಲದ ಒಂದು ಕಂತು ತೀರಿತು.

ಪೂರ್ವದ ಮಡಿಗಳು ಸುಧಾರಿಸಿದ್ದಕ್ಕೆ ತೇಪೆಯೇ ಕಾರಣ ಎಂದು ಬರೆದುಬಿಡುವ ಆಸೆ ನನಗಿತ್ತು. ವೈನಿ ಬಿಡಲಿಲ್ಲ. ಮುಹೂರ್ತವಿಲ್ಲದ ಮೇಲೆ ಲಾನ್ಸ್‌ನಲ್ಲಿ ಮದುವೆಯೂ ಇಲ್ಲ. ಏಪ್ರಿಲ್‌ನಲ್ಲಿ ಒಂದಷ್ಟು ಮದುವೆ, ಚುನಾವಣೆಯ ಎರಡು ಸಭೆ, ಅಷ್ಟು ಬಿಟ್ಟರೆ ಫ್ಲಡ್‌ಲೈಟ್ ಹೊತ್ತಿರಲೇ ಇಲ್ಲ. "ತೂತು ಮುಚ್ಚಿದ್ದಕ್ಕೆ ಅರಳಿತೋ, ದೀಪ ಆರಿದ್ದಕ್ಕೆ ಅರಳಿತೋ, ಹೇಗೆ ಹೇಳುತ್ತೀರಿ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಮುಂದಿನ ನಾಟಿಗೆ ಪರದೆಯನ್ನು ಮತ್ತೆ ಪರೀಕ್ಷಿಸುವಾಗ ಹೋಗಿದ್ದೆ. ಈ ಸಲ ನಾಟಿಯ ದಿನ ಗೊತ್ತುಮಾಡುವ ಮುಂಚೆ ಪಂಚಾಂಗ ನೋಡಿದ್ದರು. ಹೊಸದಾಗಿ ಬಿದ್ದ ತೂತುಗಳಿಗೆಲ್ಲ ತೇಪೆ ಬಿದ್ದಿತ್ತು. ಪೂರ್ವದ ಮೂಲೆಯಲ್ಲಿ, ಎರಡು ಸಾಲು ಗಿಡಗಳ ಮೇಲಕ್ಕೆ, ಒಂದು ಮಾತ್ರ ಹಾಗೆಯೇ ಇತ್ತು, ಸುತ್ತ ಸೀಮೆಸುಣ್ಣದ ಗೆರೆಯೊಂದಿಗೆ. ಮರೆತಿದ್ದೀರಿ ಎಂದೆ. "ಇಲ್ಲ, ಅದು ಇರಲಿ" ಎಂದು ವೈನಿ ನೋಟ್‌ಬುಕ್ಕಿನಲ್ಲಿ ಆ ಎರಡು ಸಾಲುಗಳ ನಂಬರು ಬರೆದುಕೊಂಡರು.